ಕನ್ನಡಿಯ ಹಿಂದಿನ ಸ್ವಿಚ್

ಇದನ್ನು ಹೇಳಲು ಹೊರಟಾಗಲೆಲ್ಲ ನನಗೆ ಕೆಮ್ಮು ಬರುತ್ತದೆ. ಹನ್ನೊಂದು ವರ್ಷದಿಂದ ಹೀಗೇ ಮುಂದೂಡಿದ್ದೇನೆ. ಎದೆಯಲ್ಲಿ ಏನೂ ಇಲ್ಲ ಎನ್ನುತ್ತಾರೆ ಡಾಕ್ಟರು. ಅವರ ಯಂತ್ರಕ್ಕೆ ಕಾಣುವುದಿಲ್ಲ, ಅಷ್ಟೇ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಪಾಸಾದದ್ದು ಎರಡನೇ ಸಲಕ್ಕೆ. ಆದರೂ ಮಕ್ಕಳ ಮನಶ್ಶಾಸ್ತ್ರದ ಬಗ್ಗೆ ಎರಡು ಮಾತಾಡಬಲ್ಲೆ. ವಡೋದರಾದ ವಿಶ್ವವಿದ್ಯಾಲಯವೊಂದರಲ್ಲಿ ಆ ವಿಭಾಗದ ಅಟೆಂಡರನಾಗಿ ಕಸ ಗುಡಿಸುತ್ತ ಕಲಿತದ್ದು. ಅಲ್ಲೊಂದು ಶಿಶುವಿಹಾರ, ಅದರ ಗೋಡೆಗೊಂದು ಕನ್ನಡಿ. ಹಿಂದಿನ ಕೋಣೆ ಕತ್ತಲಾಗಿದ್ದರೆ ಅಲ್ಲಿ ಕೂತವರಿಗೆ ಮಕ್ಕಳು ಕಾಣುತ್ತಾರೆ, ಮಕ್ಕಳಿಗೆ ಅವರು ಕಾಣುವುದಿಲ್ಲ. ದೀಪ ಹಾಕಿದರೆ ಕನ್ನಡಿ ಬರೀ ಗಾಜು.

ಶಿಶುಗಳಿಗೆ ತೋರುವ ತಾಳ್ಮೆಯನ್ನೇ ದೊಡ್ಡವರಿಗೂ ತೋರಬೇಕೆಂಬುದು ವಿಭಾಗದ ಮುಖ್ಯಸ್ಥೆ, ನಮ್ಮ ಧಾರವಾಡದ ಮೇಡಂ ಅವರ ಹಟ. “ನಡಿಯೂದು ಕಲಿಯೋ ಕೂಸು ಬಿದ್ರ ಯಾರರ ಮಾರ್ಕ್ಸ್ ಕಡೀತಾರೇನ್ರಿ?” ಎನ್ನುತ್ತಿದ್ದರು. ಸೂರತ್ತಿನ ವಿದ್ಯಾರ್ಥಿನಿಯೊಬ್ಬಳಿಗೆ ಪರೀಕ್ಷಕರ ಮುಖ ಕಂಡರೆ ಮೊದಲ ಅಕ್ಷರವೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಮೌಖಿಕ ಪರೀಕ್ಷೆಗೆ ಮೇಡಂ ಅವಳನ್ನು ಶಿಶುವಿಹಾರದ ಪುಟ್ಟ ಕುರ್ಚಿಯಲ್ಲಿ ಕೂರಿಸಿದರು, ಪರೀಕ್ಷಕರನ್ನು ಕನ್ನಡಿಯ ಹಿಂದೆ. ಅವರಿರುವುದು ಅವಳಿಗೂ ಗೊತ್ತು, ಕಾಣದಿದ್ದರೆ ಸಾಕಿತ್ತು. ನನಗೆ ಹೇಳಿದ್ದು ಒಂದೇ: “ಲೈಟ್ ಒಂದು ಹಚ್ಚಬ್ಯಾಡ್ರಿ, ಕಾಕಾ.”

ಸ್ಪೀಕರಿನಲ್ಲಿ ಬರುವ ಪ್ರಶ್ನೆಗಳಿಗೆ ಹುಡುಗಿ ಸರಾಗವಾಗಿ ಉತ್ತರಿಸುತ್ತಿದ್ದಳು. ಖಾಲಿ ಟ್ರೇ ಹಿಡಿದು ಕತ್ತಲಲ್ಲಿ ನಿಂತ ನನಗೆ ಹೊಟ್ಟೆ ಉರಿಯಿತು. ಗದಗಿನ ಶಾಲೆಯಲ್ಲಿ ನಾನು ಬಾಯಿ ಬಿಡಲಾರದೆ ನಿಂತಾಗ ಸಿಕ್ಕಿದ್ದು ಬೆತ್ತ, ಇವಳಿಗೆ ಕನ್ನಡಿಯೇ? ಸ್ವಿಚ್ ಒತ್ತಿದೆ. ಬಿಸ್ಕತ್ತು ಕಚ್ಚುತ್ತಿದ್ದ ಮೂರು ಮುಖಗಳು ಗಾಜಿನಲ್ಲಿ ಮೂಡಿದವು. ಅವಳು ಅವರನ್ನು ನೋಡಲಿಲ್ಲ, ನನ್ನ ಕೈ ನೋಡಿದಳು. ಮಾತು ನಿಂತಿತು. ಮರುದಿನ ಊರಿಗೆ ಹೋದವಳು ಮತ್ತೆ ಬರಲಿಲ್ಲ.

ಕೈ ತಾಗಿತು ಎಂದೆ. “ಇರ್ಲಿ ಬಿಡ್ರಿ, ಬೇಕಂತ ಯಾರು ಮಾಡ್ತಾರ” ಎಂದರು ಮೇಡಂ. ಬೈದಿದ್ದರೆ ಇಷ್ಟು ಕೆಮ್ಮುತ್ತಿರಲಿಲ್ಲ.

ಕ್ಷಮೆ ಕೇಳಲೆಂದು ಒಮ್ಮೆ ಸೂರತ್ತಿನಲ್ಲಿ ಅವಳ ಮನೆಯಿದ್ದ ವರಾಛಾ ಬಡಾವಣೆಗೂ ಹೋಗಿದ್ದೆ. ವಜ್ರ ಉಜ್ಜುವ ಗಲ್ಲಿಗಳಲ್ಲಿ ಅವಳು ಸಿಕ್ಕೇಬಿಟ್ಟರೆ ಎಂಬ ಭಯದಲ್ಲಿ ಅರ್ಧ ದಾರಿಗೇ ತಿರುಗಿದೆ.

ಈಗ ಅಹಮದಾಬಾದಿನ ಬೋಪಾಲ್ ಬಡಾವಣೆಯಲ್ಲಿ ಮಗಳ ಮನೆಯಲ್ಲಿದ್ದೇನೆ. ಸ್ವಿಚ್ ಮುಟ್ಟುವುದಿಲ್ಲ; ಕರೆಂಟು ಉಳಿಸುವ ಜಿಪುಣ ಎಂಬ ಬಿರುದು ಬಂದಿದೆ. ನಿನ್ನೆ ಮೋಡ ಕವಿದ ಮಧ್ಯಾಹ್ನ, ಮರುದಿನದ ಮೌಖಿಕ ಪರೀಕ್ಷೆಗೆ ಓದುತ್ತಿದ್ದ ಮೊಮ್ಮಗಳು ಕೂಗಿದಳು: “ಅಜ್ಜಾ, ಲೈಟ್ ಆನ್ ಮಾಡು ನಾ, ಪ್ಲೀಸ್!” ನಾನು ಸ್ವಿಚ್ ಬಿಟ್ಟು ಕಿಟಕಿಯ ಪರದೆ ಸರಿಸಿದ್ದನ್ನು ಕಂಡು, “ಕ್ಯಾ ಹುವಾ?” ಎಂದಳು. ಎಲ್ಲ ಹೇಳಿಬಿಟ್ಟೆ.

ಅವಳು ಕೇಳಿದ್ದು ಒಂದೇ: “ಆ ದೀದಿ ನೇಮ್ ಏನು?”

ಇಷ್ಟು ವರ್ಷ ನನ್ನೊಳಗೂ ಅವಳು ಬರೀ ‘ಸೂರತ್ತಿನ ಹುಡುಗಿ’. ಮೊದಲ ಅಕ್ಷರ ಗಂಟಲಲ್ಲೇ ಸಿಕ್ಕಿತು. ಮೊಮ್ಮಗಳು ಅವಸರ ಮಾಡಲಿಲ್ಲ, ಪುಸ್ತಕ ಮುಚ್ಚಿ ಕಾದಳು.

“ಜಾ... ಜಾ... ಜಾಗೃತಿ.”