ಟವಲ್ಲು ತೆಗೆದ ತಪ್ಪು

ನನಗೆ ಇಂಗ್ಲಿಷ್ ಬರುವುದಿಲ್ಲ; ಆದರೂ ಇಂಗ್ಲಿಷರೇ ಮರೆತ ಒಂದು ಇಂಗ್ಲಿಷ್ ಮಾತು ಬರುತ್ತದೆ. ಸರ್ಕ್ವಿಡ್ರಿ. ಸೊಕ್ಕು ಎಂದರ್ಥ. ಸೀಮೆಎಣ್ಣೆಗೂ ಸಾಲು ನಿಲ್ಲಬೇಕಾದ ಈ ಯುದ್ಧದ ಕಾಲದಲ್ಲಿ ಆವತಿಯ ನಿವೃತ್ತ ಮೇಷ್ಟ್ರೊಬ್ಬರು ಅದನ್ನು ಪುಕ್ಕಟೆ ಕೊಟ್ಟರು. ಪುಕ್ಕಟೆ ಬಂದದ್ದನ್ನು ನಾನು ಬಿಟ್ಟವನಲ್ಲ.

ಅವರ ಮುಂದೆ ನಾನು ತೋಡಿಕೊಂಡದ್ದು ಇಷ್ಟು. ಕೂಲಿಗೆ ದನ ಹೊಡೆಯುತ್ತಿದ್ದವನು ಎತ್ತಿನ ವ್ಯಾಪಾರಿಯಾದೆ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವಲ್ಲಿನ ಮರೆಯಲ್ಲಿ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ತಿಳಿಸುತ್ತೇವೆ. ಒಬ್ಬನ ಅವಸರ ಇನ್ನೊಬ್ಬನಿಗೆ ಮಾತ್ರ ಗೊತ್ತಾಗಲಿ ಎಂದು ಹಿರಿಯರು ಕಂಡುಕೊಂಡ ಉಪಾಯ. ನನಗೆ ಅದನ್ನು ಕಲಿಸಿದವನು ಸಮೇತನಹಳ್ಳಿಯ ಗೆಳೆಯ ಮುನಿಶಾಮಿ.

ಒಂದು ಸಲ ಅವನೇ ತನ್ನ ಜೋಡಿ ಎತ್ತು ಮಾರಲು ಬಂದ. ಟವಲ್ಲಿನೊಳಗೆ ಅವನು ಹಿಡಿದ ಬೆರಳುಗಳು ತೀರಾ ಕಡಿಮೆ. ಸುತ್ತ ಜನ ಸೇರಿದ್ದರು, ನನಗೆ ಏನು ಏರಿತೋ, ಟವಲ್ಲು ಎಳೆದು ನಕ್ಕುಬಿಟ್ಟೆ.

“ಏನ್ಲಾ ಮುನಿಶಾಮಿ, ಇಷ್ಟಕ್ಕೇ ಕೊಟ್ಬುಡ್ತೀಯಾ? ಅಷ್ಟೊಂದು ಗತಿಗೆಟ್ಟೋದ್ಯಾ?”

ಅವನು ಎತ್ತಿನ ಹಗ್ಗ ಹಿಡಿದು ಸಂತೆಯಲ್ಲಿ ಮುಂದಕ್ಕೆ ಹೋದ. ಅವನ ಕಷ್ಟ ಇಡೀ ಸಂತೆಗೆ ತಿಳಿದುಹೋಗಿತ್ತು. ಆ ದಿನ ಎಲ್ಲರೂ ಆ ಬೆಲೆಗಿಂತ ಕಡಿಮೆಗೇ ಕೇಳಿದರಂತೆ.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. “ಇದಕ್ಕೆ ಹಳೇ ಮಾತೊಂದಿದೆ ಕಣಯ್ಯ. ಸರ್ ಅಂದ್ರೆ ಮೇಲೆ. ಮಿಕ್ಕಿದ್ದು ಫ್ರೆಂಚರ ಎಣಿಸೋದು ಅನ್ನೋ ಮಾತಿಂದ ಬಂದದ್ದು. ಇರೋದಕ್ಕಿಂತ ಮೇಲೆ ತನ್ನನ್ನ ತಾನು ಎಣಿಸ್ಕೊಳ್ಳೋದು. ಈಗ ಯಾರೂ ಬಳಸೋಲ್ಲ.”

ಮಾತು ಹೋಗಿ ಗುಣ ಮಾತ್ರ ಉಳಿದದ್ದು ವಿಚಿತ್ರ. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳಿದರೆ ನನ್ನ ಎಣಿಕೆ ಎಂದೂ ತಪ್ಪಿಲ್ಲ. ನನ್ನನ್ನು ನಾನೇ ಎಣಿಸಿಕೊಂಡ ಒಂದೇ ಸಲ ತಪ್ಪಿತು.

ಮೇಷ್ಟ್ರ ಮಾತು ಕೇಳಿದ ಮಾರನೆಯ ದಿನವೇ ಸಮೇತನಹಳ್ಳಿಗೆ ಹೋದೆ. ಮುನಿಶಾಮಿ ಹಟ್ಟಿಯಲ್ಲಿದ್ದ. ‘ಲೇ’ ಎಂದೇ ಕರೆಯುತ್ತಿದ್ದವನು, “ಬನ್ನಿ ಸಾವ್ಕಾರ್ರೇ, ಕೂತ್ಕಳಿ” ಎಂದ. ‘ತಪ್ಪಾಯ್ತು’ ಎನ್ನುವುದನ್ನೂ ಬೆಲೆಯಂತೆ ಕೈಯಲ್ಲೇ ತಿಳಿಸೋಣ ಎಂದುಕೊಂಡೆ. ಹೆಗಲ ಟವಲ್ಲನ್ನು ಕೈಮೇಲೆ ಹೊದಿಸಿ, ಆ ಕೈಯನ್ನು ಅವನತ್ತ ಚಾಚಿದೆ. ಅವನು ಅದನ್ನೇ ನೋಡಿದ.

“ಮಾರಾಕೆ ಏನೂ ಇಲ್ವಲ್ಲ ಸಾವ್ಕಾರ್ರೇ” ಎಂದು, ಒಳಗೆ ಕೂಗಿ ಮಜ್ಜಿಗೆ ತರಿಸಿದ.

ಕೇಳದಿದ್ದರೂ ಒಂದು ಬುದ್ಧಿ ಹೇಳುತ್ತೇನೆ. ಎತ್ತಿಗೆ ಬೆಲೆ ಕಟ್ಟುವಾಗ ಟವಲ್ಲಿನ ಕೆಳಗೆ ಇನ್ನೊಂದು ಕೈ ಇರುತ್ತದಲ್ಲ, ನಮಗೆ ನಾವೇ ಬೆಲೆ ಕಟ್ಟಿಕೊಳ್ಳುವಾಗಲೂ ಅಂಥದೊಂದು ಕೈ ಹಿಡಿದುಕೊಂಡಿರಿ. ನಾನಂತೂ ಆವತ್ತು ಸಮೇತನಹಳ್ಳಿಯಿಂದ ಹೊಸಕೋಟೆಯವರೆಗೂ ಟವಲ್ಲನ್ನು ಹೆಗಲಿಗೆ ಏರಿಸದೆ, ಖಾಲಿ ಕೈಮೇಲೆ ಹೊದಿಸಿಕೊಂಡೇ ನಡೆದೆ.