ಬಿಸಿಲಿಗೆ ಇಟ್ಟ ಬ್ಯಾಟರಿ

ಅತ್ತಿಗೆ, ನಿಮ್ಮ ರೇಡಿಯೋ ಕೆಡಿಸಿದವಳು ನಾನು. ನೀವು ಬಿಸಿಲಿಗೆ ಇಟ್ಟ ಬ್ಯಾಟರಿಯಿಂದ ಅದು ಹಾಳಾದದ್ದಲ್ಲ — ನಾನು ಕತ್ತರಿ ಹಾಕಿದ್ದು. ಬೀಡಿ ಎಲೆ ಕತ್ತರಿಸುತ್ತಿದ್ದ ಅದೇ ಕತ್ತರಿ.

ಇಷ್ಟು ಹೇಳಲು ಮುದುಕಿಯಾಗುವವರೆಗೆ ಕಾದೆ. ಊರವರ ಸುದ್ದಿಯನ್ನೆಲ್ಲ ಬಣ್ಣ ಕಟ್ಟಿ ಹೇಳುತ್ತಿದ್ದ ಈ ಬಾಯಿಗೆ ಇದೊಂದು ಮಾತ್ರ ಬರಲಿಲ್ಲ.

ನೀವು ಅಣ್ಣನ ಹೆಂಡತಿಯಾಗಿ ರಾಮಕುಂಜದ ನಮ್ಮ ಮನೆಗೆ ಬರುವ ಮೊದಲು ಮಧ್ಯಾಹ್ನಗಳೆಲ್ಲ ನನ್ನವೇ ಆಗಿದ್ದವು. ಊಟವಾದ ಮೇಲೆ ಅಕ್ಕಪಕ್ಕದ ಹೆಂಗಸರು ಎಲೆ, ಹೊಗೆಸೊಪ್ಪು ತುಂಬಿದ ಮೊರ ಹಿಡಿದು ನಮ್ಮ ಜಗಲಿಗೆ ಬರುತ್ತಿದ್ದರು. ಕೈಗೆ ಬೀಡಿ, ಕಿವಿಗೆ ನಾನು. ಯಾರ ಮನೆಯ ಅತ್ತೆ ಹೇಗೆ ಮೂತಿ ತಿರುವಿದಳು ಎಂದು ನಟಿಸಿ ತೋರಿಸಿದರೆ ಅವರು ನಗುವ ಭರದಲ್ಲಿ ಸುತ್ತಿದ ಬೀಡಿ ಬಿಚ್ಚಿಕೊಳ್ಳುತ್ತಿತ್ತು. ಆಮೇಲೆ ನೀವು ಬಂದಿರಿ — ನಿಮ್ಮ ಅಪ್ಪ ಕೊಟ್ಟ, ಚರ್ಮದ ಚೀಲದ ಆ ಟ್ರಾನ್ಸಿಸ್ಟರನ್ನು ಹೆಗಲಿಗೆ ಹಾಕಿಕೊಂಡು. ನಾನು ಬಾಯಿ ತೆರೆದರೆ ಸಾಕು, "ಸುಶೀಲಾ, ಸ್ವಲ್ಪ ಸುಮ್ನಿರು ಮಾರಾಯ್ತಿ, ಹಾಡು ಬರ್ತಾ ಉಂಟು" ಎನ್ನುವವರೇ ಎಲ್ಲ. ನೀವು ಹಾಗೆ ಹೇಳಿದವರಲ್ಲ. ನನಗಾಗಿ ಸದ್ದು ತಗ್ಗಿಸಿ ನಗುತ್ತಿದ್ದಿರಿ — ಅದಕ್ಕೇ ಇನ್ನಷ್ಟು ಉರಿಯುತ್ತಿತ್ತು. ಹೊಟ್ಟೆಕಿಚ್ಚಿಗೆ ಹೊಟ್ಟೆಕಿಚ್ಚು ಎಂದೇ ಹೇಳಬೇಕು, ಬೇರೆ ಹೆಸರಿಡುವುದಿಲ್ಲ.

ಬ್ಯಾಟರಿ ಸೋತರೆ ಬಿಸಿಲಿಗಿಟ್ಟು ಮತ್ತೆ ಹಾಕುವುದು ಆಗ ಎಲ್ಲ ಮನೆಗಳಲ್ಲೂ ರೂಢಿ. ಅವತ್ತು ನೀವು ಬ್ಯಾಟರಿಗಳನ್ನು ಅಂಗಳದ ಕಟ್ಟೆಯ ಮೇಲೆ ಸಾಲಾಗಿ ಇಟ್ಟು, ಬಟ್ಟೆ ಒಗೆಯಲು ತೋಡಿಗೆ ಹೋಗಿದ್ದಿರಿ. ರೇಡಿಯೋ ಜಗಲಿಯಲ್ಲಿತ್ತು. ಹಿಂಬದಿ ಬಿಚ್ಚಿದೆ. ಒಳಗೆ ಒಂದು ಕೆಂಪು ವಯರು ಇತ್ತು. ಅದನ್ನು ಕತ್ತರಿಸಿ, ತುದಿಗಳು ಕಾಣದ ಹಾಗೆ ಒಳಗೆ ತುರುಕಿ, ಮೊದಲಿನಂತೆ ಮುಚ್ಚಿಟ್ಟೆ.

ಸಂಜೆ ನೀವು ಬ್ಯಾಟರಿ ಹಾಕಿದಿರಿ, ತಿರುಗಿಸಿದಿರಿ, ತಟ್ಟಿದಿರಿ. ಸದ್ದಿಲ್ಲ. "ಎಂತ ಆಯ್ತು ಅದಕ್ಕೆ?" ಎಂದು ಅಮ್ಮ ಕೇಳಿದ್ದು ನಿಮ್ಮನ್ನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಉತ್ತರ ಕೊಟ್ಟದ್ದು ನಾನು.

"ಬಿಸಿ ಬ್ಯಾಟರಿ ಹಾಕಿದ್ರೆ ಒಳಗೆಲ್ಲ ಸುಟ್ಟು ಹೋಗ್ತದೆ ಅತ್ತಿಗೆ. ಇನ್ನು ಅದು ರಿಪೇರಿ ಆಗುದಿಲ್ಲ. ಪುತ್ತೂರಿಗೆ ತಕೊಂಡು ಹೋಗುದು ದಂಡ."

ನೀವು ನಂಬಿದಿರಿ. ದೀಪಾವಳಿಗೆ ನಿಮ್ಮ ಅಪ್ಪ ಬಂದಾಗ ನಾನೇ ಬೆಲ್ಲ, ನೀರು ತಂದಿಟ್ಟೆ. "ರೇಡಿಯೋ ಹಾಕು ಮಗಾ, ವಾರ್ತೆ ಕೇಳುವ" ಎಂದರು ಅವರು. ನೀವು ತಲೆ ತಗ್ಗಿಸಿ, "ಅದನ್ನು ನಾನೇ ಹಾಳು ಮಾಡಿದೆ ಅಪ್ಪ" ಎಂದಿರಿ. ನಾನು ಬಾಗಿಲ ಹತ್ತಿರವೇ ನಿಂತಿದ್ದೆ — ಆಗಲಾದರೂ ಒಂದು ಮಾತು... ನಿಮ್ಮ ಅಪ್ಪ ಮುಂದಿನ ಮಳೆಗಾಲ ನೋಡಲಿಲ್ಲ.

ಮದುವೆಯಾಗಿ ಕಬಕಕ್ಕೆ ಬರುವಾಗ ರೇಡಿಯೋವನ್ನು ನಾನೇ ಕೇಳಿ ತಂದೆ. ನಿಮ್ಮ ಕಣ್ಣೆದುರು ಇದ್ದರೆ ನಿಮಗೆ ಬೇಜಾರು ಎಂದು ಹೇಳಿದ್ದೆ. ಯಾರಾದರೂ ಅದರ ಒಳಗೆ ನೋಡಿಯಾರು ಎಂಬ ಹೆದರಿಕೆ ಅದು.

ಮೊನ್ನೆ ನೀವು ಸುಳ್ಯದ ಮಗಳ ಮನೆಯಿಂದ ಫೋನ್ ಮಾಡಿದಿರಿ. "ಸುಶೀಲಾ, ಆ ರೇಡಿಯೋ ಇನ್ನೂ ಉಂಟಾ? ಆಗುದಾದ್ರೆ ಒಮ್ಮೆ ರಿಪೇರಿ ಮಾಡಿಸು. ಅಪ್ಪ ಕೊಟ್ಟದ್ದು ನನ್ನ ಕೈಯಲ್ಲೇ ಹಾಳಾಯ್ತಲ್ಲ ಅಂತ ಈಗ್ಲೂ ಬೇಜಾರಾಗ್ತದೆ."

ಇವತ್ತು ಬೆಳಿಗ್ಗೆ ಪುತ್ತೂರಿನ ಅಂಗಡಿಗೆ ಕೊಂಡುಹೋದೆ. ಅಂಗಡಿಯವರು ಬಿಚ್ಚಿ ನೋಡಿ, "ಒಂದು ವಯರ್ ತುಂಡಾಗಿದೆ ಅಮ್ಮ. ಬೇರೆಂತ ತೊಂದರೆ ಉಂಟು ಅಂತ ಅದನ್ನು ಜೋಡಿಸಿದ ಮೇಲೆ ನೋಡುವ. ಜೋಡಿಸ್ಲಾ?" ಎಂದರು.

ಹೂಂ ಎಂದಿದ್ದರೆ ಆಗುತ್ತಿತ್ತು. ರೇಡಿಯೋ ಹಾಡಿದರೆ ನೀವು ಸುಳ್ಯಕ್ಕೆಲ್ಲ ಕೇಳುವ ಹಾಗೆ ನನ್ನನ್ನು ಹೊಗಳುತ್ತಿದ್ದಿರಿ. ನಾನು ಕತ್ತರಿಸಿದ ಜಾಗ ಬೆಸುಗೆಯ ಅಡಿಯಲ್ಲಿ ಮುಚ್ಚಿಹೋಗುತ್ತಿತ್ತು. ಆಸೆಯಾಯಿತು ಅತ್ತಿಗೆ, ಇಲ್ಲವೆನ್ನುವುದಿಲ್ಲ.

"ಬೇಡ, ಹಾಗೇ ಕೊಡಿ" ಎಂದೆ.

ಈಗ ಸುಳ್ಯದ ಬಸ್ಸಿನಲ್ಲಿದ್ದೇನೆ. ಕಾವು ಪೇಟೆ ದಾಟಿತು. ರೇಡಿಯೋ ಮಡಿಲಲ್ಲಿದೆ. ಅದನ್ನು ರಿಪೇರಿ ಮಾಡಿಸಿಯೇ ಮಾಡಿಸುತ್ತೇನೆ — ಆದರೆ ನೀವು ನೋಡಿದ ಮೇಲೆ. ನೀವು ಬೈಯಬಹುದು, ಇನ್ನು ಮೆಟ್ಟಿಲು ಹತ್ತಬೇಡ ಎನ್ನಬಹುದು. ಏನೇ ಹೇಳುವುದಿದ್ದರೂ ಮೊದಲು ಹಿಂಬದಿ ಬಿಚ್ಚಿ ನಿಮ್ಮ ಕೈಗೆ ಕೊಡುತ್ತೇನೆ. ನಿಮ್ಮ ಬೆರಳು ಹಿಡಿದು ಆ ತುಂಡಾದ ತುದಿಯ ಮೇಲೆ ಇಡುತ್ತೇನೆ. ಸರಿಯಾಗಿ ನೋಡಿ ಅತ್ತಿಗೆ. ಒಳಗೆ ಎಲ್ಲಿಯೂ ಸುಟ್ಟ ಗುರುತಿಲ್ಲ.