ಎತ್ತಿನ ಸೋಮವಾರ

ನಮ್ಮ ಅತ್ತೆಯ ತವರು ಚಂದಕವಾಡಿ. ಅಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಬಿತ್ತನೆಯ ಹದ ತಪ್ಪಿದರೂ ಸರಿ, ಬಸವಣ್ಣನಿಗೆ ರಜ ಎಂದರೆ ರಜ. ಇದನ್ನು ಅತ್ತೆ ಬಹಳ ಹೆಮ್ಮೆಯಿಂದ ಹೇಳುತ್ತಿದ್ದರು, ಅದೂ ಚಾಮರಾಜನಗರದ ನಮ್ಮ ಹೋಟೆಲಿನ ಒಲೆ ಮುಂದೆ ನಾನು ಬೆವರು ಸುರಿಸುತ್ತಿರುವಾಗ.

ಮಾವ ತೀರಿಕೊಂಡ ಮೇಲೆ ಹೋಟೆಲು ನನ್ನ ತಲೆಗೆ ಬಂದಿತ್ತು. ಗಂಡ ಸ್ಕೂಲು ಮೇಷ್ಟರು, ಹಗಲೆಲ್ಲ ಅವರಿಗೆ ಮಕ್ಕಳ ಕಾಟ. ತೊಂಬತ್ತರ ದಶಕದ ಆ ಮೊದಲ ವರ್ಷಗಳಲ್ಲಿ ನಾನು ಕೂತು ಉಂಡ ನೆನಪೇ ಇಲ್ಲ. ಹಾಲಿನವನಿಗೆ ನಾನೇ ಬೇಕು, ಸೌದೆಯವನಿಗೂ ನಾನೇ. ಉಗ್ರಾಣದ ಬೀಗದ ಕೈ ಸದಾ ನನ್ನ ಸೊಂಟದಲ್ಲಿ. ಉಡಿಗಾಲದಿಂದ ಬಸ್ಸಿನಲ್ಲಿ ಬರುತ್ತಿದ್ದ ಅಡುಗೆಯವಳ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಆದರೂ ಸಾಂಬಾರು ಮಾತ್ರ ಅವಳ ಕೈಗೆ ಬಿಡುವಂತಿರಲಿಲ್ಲ. ‘ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು’ ಎಂದು ಅತ್ತೆ ದಿನವೂ ಒಗ್ಗರಣೆ ಹಾಕುತ್ತಿದ್ದರು. ಈ ಗಾದೆ ಕಟ್ಟಿದವನು ಒಂದು ದಿನವೂ ಹೋಟೆಲು ನಡೆಸಿದವನಲ್ಲ. ಎಲ್ಲವನ್ನೂ ಮಾಡುವ ಆ ‘ತಾನು’ ಯಾವಾಗ ಮಲಗಬೇಕು ಅಂತ ಅವನು ಹೇಳಿಯೇ ಇಲ್ಲ.

ಒಂದು ದಿನ ನಿಂತಲ್ಲೇ ತೂಕಡಿಸಿದೆ. ಸೌಟು ಕುದಿಯುವ ಸಾಂಬಾರಿಗೆ ಬಿದ್ದು, ಮುಂಗೈ ಮೇಲೆ ಬೊಬ್ಬೆ ಎದ್ದಿತು.

“ವಸಿ ಎಚ್ಚರವಾಗಿರ್ಬಾರ್ದ ಕಣಮ್ಮಿ?” ಅಂದರು ಅತ್ತೆ.

ಪಿತ್ತ ನೆತ್ತಿಗೇರಿತು. “ನಿಮ್ಮ ತವರಲ್ಲಿ ಎತ್ತಿಗೂ ಸೋಮವಾರ ಅದೆ. ನಂಗ್ಯಾಕಿಲ್ಲ? ಇನ್ಮೇಲೆ ಸೋಮವಾರ ನಾನು ಒಲೆ ಮುಂದೆ ನಿಂತ್ಕಳಲ್ಲ.”

“ಕೋರ್ಟಿಗೆ ಬರೋ ಜನೆಲ್ಲ ಸೋಮವಾರನೇ ಬರೋದು. ನೀ ಓಗ್ಬುಟ್ರೆ ಓಟ್ಲು ಮುಳುಗೋಯ್ತದೆ!”

“ಮುಳುಗಿದ್ರೆ ಮುಳುಗ್ಲಿ ಬುಡಿ.”

ಸೋಮವಾರ ಬೆಳಿಗ್ಗೆ ಬೀಗದ ಕೈ ಬಿಚ್ಚಿ ಅಡುಗೆಯವಳ ಕೈಗಿಟ್ಟು ಗುಂಡ್ಲುಪೇಟೆ ಬಸ್ಸು ಹತ್ತಿದೆ. ಅಲ್ಲಿ ನನ್ನ ಅಕ್ಕನ ಮನೆ. ತೆರಕಣಾಂಬಿ ದಾಟುವಷ್ಟರಲ್ಲಿ ಮನಸ್ಸು ಹೋಟೆಲಿಗೆ ವಾಪಸು ಓಡಿತು. ಬೇಳೆ ಬೆಂದಿತೋ, ಹಾಲು ಒಡೆಯಿತೋ. ಅಕ್ಕನ ಮನೆ ಪಕ್ಕದಲ್ಲೇ ಎಸ್‌ಟಿಡಿ ಬೂತಿತ್ತು. ಹೋಟೆಲಿನ ಎದುರಂಗಡಿಗೆ ಫೋನು ಮಾಡಿದರೆ ಅತ್ತೆಯನ್ನು ಕರೆದು ಕೊಡುತ್ತಿದ್ದರು. ಬೂತಿನ ಬಾಗಿಲ ತನಕ ಹೋಗಿ ವಾಪಸು ಬಂದೆ. ಫೋನು ಹಿಡಿದರೆ ಮತ್ತೆ ಒಲೆ ಮುಂದೆ ನಿಂತ ಹಾಗೇ ತಾನೆ? ಅಕ್ಕ ಬಡಿಸಿದ್ದನ್ನು ಕೂತು ಉಂಡೆ. ಮಹಡಿ ಮೇಲೆ ಚಾಪೆ ಹಾಸಿ, ದೂರದ ಗೋಪಾಲಸ್ವಾಮಿ ಬೆಟ್ಟ ನೋಡುತ್ತಾ ನಿದ್ದೆ ಹೋದೆ.

ಸಂಜೆ ಅತ್ತೆ ಬಾಗಿಲಲ್ಲೇ ಕಾದಿದ್ದರು. “ಸಾಂಬಾರು ಉಳಿ ಉಳಿ! ಎಲ್ರೂ ಮೂತಿ ಸಿಂಡರಿಸ್ಕಂಡು ಓದ್ರು. ನಾ ಏಳ್ನಿಲ್ವ?”

ರುಚಿ ನೋಡಿದೆ. ಹುಳಿ ನಿಜವಾಗಿಯೂ ಜಾಸ್ತಿಯಾಗಿತ್ತು. ನನ್ನ ಕೈಯಲ್ಲೂ ಎಷ್ಟೋ ಸಲ ಉಪ್ಪು ಜಾಸ್ತಿಯಾಗಿತ್ತು, ಆಗ ಯಾರೂ ಗಾದೆ ಹೇಳಿರಲಿಲ್ಲ. ಅಡುಗೆಯವಳು ತಲೆ ತಗ್ಗಿಸಿ ಬೀಗದ ಕೈ ಮುಂದೆ ಹಿಡಿದಳು. ನಾನು ತೆಗೆದುಕೊಳ್ಳಲಿಲ್ಲ.

“ನಿನ್ನತ್ರನೇ ಇರ್ಲಿ. ಮುಂದಿನ ಸೋಮವಾರ ಹುಣಸೆಹಣ್ಣು ಕಮ್ಮಿ ಹಾಕು” ಅಂದೆ.

ಮುಂದಿನ ಸೋಮವಾರವೂ ಹೋದೆ. ಅದರ ಮುಂದಿನ ಸೋಮವಾರವೂ ಹೋದೆ. ಹೋಟೆಲು ಮುಳುಗಲಿಲ್ಲ. ಅತ್ತೆಯ ಗೊಣಗಾಟವೂ ನಿಲ್ಲಲಿಲ್ಲ, ಆದರೆ ನಾನು ಅದಕ್ಕೆ ಕಿವಿಗೊಡುವುದನ್ನು ನಿಲ್ಲಿಸಿದೆ.

ಮಳೆಗಾಲ ಕಳೆದ ಮೇಲೆ ಒಂದು ಸೋಮವಾರ ಸಂಜೆ ಗುಂಡ್ಲುಪೇಟೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಅಡುಗೆಯವಳು ಎದುರು ಬಂದು ನಿಂತಳು.

“ಅಕ್ಕೋ, ಎತ್ತಿಗೂ ರಜ ಅದೆ, ನಿಮ್ಗೂ ರಜ ಅದೆ. ನಂಗ್ಯಾವತ್ತು?” ಮೆಲ್ಲಗೆ ಕೇಳಿದಳು. ಒಳಗೆ ಅತ್ತೆ ಅಕ್ಕಿ ಕೇರುತ್ತಿದ್ದರು.

ನನಗೆ ತಡೆಯಲಾರದಷ್ಟು ಖುಷಿಯಾಯಿತು. “ಪಿಸಪಿಸ ಅಂತ ಯಾಕವ್ವ ಕೇಳ್ತೀಯ? ಒಳಗಿರೋರ್ಗೂ ಕೇಳೋ ಹಂಗೆ ಗಟ್ಟಿಯಾಗಿ ಕೇಳು” ಅಂದೆ.

ಕೇಳಿದಳು, ಇಡೀ ಬೀದಿಗೆ ಕೇಳುವ ಹಾಗೆ. ಮೊರದ ಸದ್ದು ನಿಂತಿತು. ಅತ್ತೆ ಬಾಗಿಲಿಗೆ ಬಂದು ಗಾದೆ ಹೇಳಲು ಬಾಯಿ ತೆರೆದರು. ನಾವಿಬ್ಬರೂ ಪಕ್ಕಪಕ್ಕದಲ್ಲಿ ನಿಂತು ಅವರನ್ನೇ ನೋಡಿದೆವು. ಅವರು ಒಳಗೆ ಹೋಗಿ ಮತ್ತೆ ಮೊರ ಹಿಡಿದರು.

“ನಿಂದು ಮಂಗಳವಾರ” ಅಂದು ಅವಳಿಂದ ಬೀಗದ ಕೈ ಇಸಿದುಕೊಂಡೆ. ಮಾರನೆಯ ದಿನ ಉಡಿಗಾಲದ ಬಸ್ಸಿನಿಂದ ಅವಳು ಇಳಿಯಲಿಲ್ಲ. ಸಾಂಬಾರು ನಾನು ಮಾಡಿದೆ.